ಸೋತ ಫಿಜಿ ಒಳಗೆ, ಗೆದ್ದ ಪೋರ್ಚುಗಲ್ ಹೊರಗೆ: ರಗ್ಬಿ ವಿಶ್ವಕಪ್ ಲೆಕ್ಕ ಯಾರಾದರೂ ಬಿಡಿಸಿ ಹೇಳ್ತೀರಾ?

ಕೋಟೆ ಕೆಳಗಿನ ಹುಡುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತಲ್ಲ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಇದೆ ಅಂತ ನಮ್ಮ ರೂಮಿನವರೆಲ್ಲ ಕೂತು ನೋಡಿದೆವು. ಅಲ್ಲಿಂದ ಹುಚ್ಚು ಹಿಡಿದಿದೆ. ಈಗ ಹಳೇ ವಿಶ್ವಕಪ್ ಪಂದ್ಯಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೇವೆ. ಆಟ ಅರ್ಥ ಆಗುತ್ತಿದೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಗೆರೆ ದಾಟಿ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಅದರ ಮೇಲೆ ಕನ್ವರ್ಷನ್ ಒದೆತಕ್ಕೆ 2. ಪೆನಾಲ್ಟಿಗೆ 3, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದೆಯುವ ಡ್ರಾಪ್ ಗೋಲಿಗೆ 3. ಇಷ್ಟು ಗೊತ್ತಾಯಿತು.

ಟೂರ್ನಿಯ ಲೆಕ್ಕ ಮಾತ್ರ ತಲೆಗೆ ಹೋಗುತ್ತಿಲ್ಲ. 2023ರ ಅಕ್ಟೋಬರ್ 8, ಫ್ರಾನ್ಸಿನ ಟುಲೂಸ್‌ನಲ್ಲಿ ಫಿಜಿ–ಪೋರ್ಚುಗಲ್ ಪಂದ್ಯ. ಕೊನೆಯ ನಿಮಿಷಗಳಲ್ಲಿ ಪೋರ್ಚುಗಲ್ ಟ್ರೈ ಹೊಡೆದು, ಕನ್ವರ್ಷನ್ ಸೇರಿಸಿ 24–23ರಲ್ಲಿ ಗೆದ್ದಿತು. ವಿಶ್ವಕಪ್‌ನಲ್ಲಿ ಅವರಿಗೆ ಅದೇ ಮೊದಲ ಗೆಲುವು. ಆದರೆ ಗೆದ್ದ ಪೋರ್ಚುಗಲ್ ಮನೆಗೆ ಹೋಯಿತು, ಸೋತ ಫಿಜಿ ಕ್ವಾರ್ಟರ್‌ಫೈನಲ್‌ಗೆ ಹೋಯಿತು. ಆ ದಿನ ಮೈದಾನಕ್ಕೇ ಇಳಿಯದ ಆಸ್ಟ್ರೇಲಿಯಾ ಕೂಡ ಮನೆಗೆ! ಎರಡು ಸಲ ಕಪ್ ಗೆದ್ದ ತಂಡ ಅದು. ಇದು ಹೇಗೆ ಸಾಧ್ಯ? ಗೊತ್ತಿರುವವರು ಹೇಳಿ.

ರಾಯಚೂರು ಕಬಡ್ಡಿ

ತಮ್ಮಾ, ಗೆದ್ದವರು ಮುಂದೆ, ಸೋತವರು ಮನೆಗೆ. ಅದಲ್ಲದ ಟೂರ್ನಿ ಟೂರ್ನಿನೇ ಅಲ್ಲ ಅನ್ನುವವನು ನಾನು. ಆದರೂ ಕೇಳುತ್ತೇನೆ, ಯಾರಾದರೂ ಹೇಳಲಿ.

ಎಡದಂಡೆ, ಸಿಂಧನೂರು

ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ವಿಶ್ವಕಪ್‌ನ ಪೂಲ್ ಹಂತದಲ್ಲಿ, ಅಂದರೆ ಗುಂಪಿನ ತಂಡಗಳು ತಮ್ಮತಮ್ಮಲ್ಲೇ ಆಡುವ ಮೊದಲ ಹಂತದಲ್ಲಿ, ಗೆದ್ದರೆ 4 ಪಾಯಿಂಟ್, ಸಮ ಆದರೆ 2, ಸೋತರೆ 0. ಇದರ ಮೇಲೆ ಎರಡು ಬೋನಸ್ ಇದೆ. ಒಂದು ಪಂದ್ಯದಲ್ಲಿ 4 ಅಥವಾ ಅದಕ್ಕಿಂತ ಜಾಸ್ತಿ ಟ್ರೈ ಹೊಡೆದರೆ 1 ಪಾಯಿಂಟ್, ಗೆದ್ದರೂ ಸರಿ, ಸೋತರೂ ಸರಿ. 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಇನ್ನೊಂದು ಪಾಯಿಂಟ್. ಅಂದರೆ ಸೋತ ತಂಡಕ್ಕೂ ಒಂದೇ ಪಂದ್ಯದಿಂದ 2 ಪಾಯಿಂಟ್ ಸಿಗಬಹುದು.

ಈಗ ಫಿಜಿ ಲೆಕ್ಕ ಹಾಕೋಣ. ವೇಲ್ಸ್ ಮೇಲೆ 26–32ರಲ್ಲಿ ಸೋತರು. ಅಂತರ 6, ಟ್ರೈ ನಾಲ್ಕು. ಹಾಗಾಗಿ 2 ಪಾಯಿಂಟ್. ಆಸ್ಟ್ರೇಲಿಯಾ ಮೇಲೆ 22–15 ಗೆಲುವು, 4. ಜಾರ್ಜಿಯಾ ಮೇಲೆ 17–12 ಗೆಲುವು, 4. ಕೊನೆಗೆ ಪೋರ್ಚುಗಲ್ ಮೇಲೆ ಒಂದೇ ಅಂಕದ ಸೋಲು, 1. ಒಟ್ಟು 11.

ಆಸ್ಟ್ರೇಲಿಯಾ: ಜಾರ್ಜಿಯಾ ಮೇಲೆ ಬೋನಸ್ ಸಮೇತ 5, ಫಿಜಿ ಮೇಲೆ ಸರಿಯಾಗಿ 7 ಅಂಕದಲ್ಲಿ ಸೋತದ್ದಕ್ಕೆ 1, ವೇಲ್ಸ್ ಮೇಲೆ 6–40, ಏನೂ ಇಲ್ಲ. ಪೋರ್ಚುಗಲ್ ಮೇಲೆ 5. ಒಟ್ಟು ಅವರದೂ 11.

ಸಮ ಆಯಿತಲ್ಲ, ಆಗ ಮೊದಲು ನೋಡುವುದು ಇವರಿಬ್ಬರ ನಡುವಿನ ಪಂದ್ಯದಲ್ಲಿ ಗೆದ್ದವರು ಯಾರು ಅಂತ. ಫಿಜಿ. ಆದ್ದರಿಂದ ಫಿಜಿ ಮುಂದೆ. ಆಸ್ಟ್ರೇಲಿಯಾ ತಮ್ಮ ಇತಿಹಾಸದಲ್ಲೇ ಮೊದಲ ಸಲ ಪೂಲ್ ಹಂತದಲ್ಲಿ ಹೊರಬಿತ್ತು.

ರಾಯಚೂರು ಅಣ್ಣಾ, ನೀವು ಕಬಡ್ಡಿಯವರು, ನಿಮಗೆ ಈ 7ರ ಲೆಕ್ಕ ಹೊಸದಲ್ಲ. ಪ್ರೊ ಕಬಡ್ಡಿಯಲ್ಲಿ 11ನೇ ಸೀಸನ್ ತನಕ 7 ಅಥವಾ ಕಡಿಮೆ ಅಂತರದಲ್ಲಿ ಸೋತ ತಂಡಕ್ಕೆ 1 ಪಾಯಿಂಟ್ ಇರಲಿಲ್ಲವಾ? ಅದೇ ಕಥೆ.

ರಾಯಚೂರು ಕಬಡ್ಡಿ

ಹೌದಲ್ಲ! ಅದು ನೆನಪಿದೆ. ಕೊನೇ ಎರಡು ನಿಮಿಷ ಸೋಲುವ ತಂಡ ಔಟ್ ಆಗದ ಹಾಗೆ ರೈಡ್ ಮಾಡಿ ಆ ಒಂದು ಪಾಯಿಂಟ್ ಉಳಿಸಿಕೊಳ್ಳುತ್ತಿತ್ತು. ಆದರೆ 4 ಟ್ರೈ ಬೋನಸ್ ಯಾಕೆ? ಗೆದ್ದವರಿಗೆ 4 ಕೊಟ್ಟಾಯಿತಲ್ಲ.

ಎಡದಂಡೆ, ಸಿಂಧನೂರು

ಅದಿಲ್ಲದಿದ್ದರೆ ತಂಡಗಳು ಪೆನಾಲ್ಟಿ ಒದ್ದು ಒದ್ದು ಮೂರು ಮೂರೇ ಅಂಕ ಕೂಡಿಸಿ ಪಂದ್ಯ ಮುಗಿಸುತ್ತವೆ. ಟ್ರೈಗೆ ಓಡಲಿ, ಮುನ್ನುಗ್ಗಲಿ ಅಂತ ಈ ಆಸೆ ಇಟ್ಟಿದ್ದಾರೆ. 20 ಅಂಕ ಮುಂದಿರುವ ತಂಡ ಕೊನೆಯ ಹತ್ತು ನಿಮಿಷ ಕೂಡ ನಾಲ್ಕನೇ ಟ್ರೈಗೆ ಒದ್ದಾಡುವುದು ಇದಕ್ಕೇ. ನೋಡುವವರಿಗೂ ಚೆನ್ನ.

ಆದರೆ ಇದೇ ಬೋನಸ್ ಒಂದು ತಂಡದ ಹೊಟ್ಟೆ ಉರಿಸಿದೆ. 2015ರ ಜಪಾನ್. ಆ ಟೂರ್ನಿಯನ್ನು ನೀವು ನೋಡಲೇಬೇಕು.

ಸೆಪ್ಟೆಂಬರ್ 19, ಇಂಗ್ಲೆಂಡಿನ ಬ್ರೈಟನ್. ಎದುರಿಗೆ ಎರಡು ಸಲ ಕಪ್ ಗೆದ್ದಿದ್ದ ದಕ್ಷಿಣ ಆಫ್ರಿಕಾ. ಗಡಿಯಾರ 80 ನಿಮಿಷ ದಾಟಿದೆ, ಜಪಾನ್ 29–32ರಲ್ಲಿ ಹಿಂದಿದೆ. ರಗ್ಬಿಯಲ್ಲಿ ಸಮಯ ಮುಗಿದರೂ ಚೆಂಡು ಆಟದಿಂದ ಹೊರಗೆ ಹೋಗುವ ತನಕ ಆಟ ನಿಲ್ಲುವುದಿಲ್ಲ. ಜಪಾನಿಗೆ ಪೆನಾಲ್ಟಿ ಸಿಕ್ಕಿತು. ಒದ್ದರೆ 3 ಅಂಕ, ಪಂದ್ಯ ಸಮ, 2 ಪಾಯಿಂಟ್ ಖಾತ್ರಿ. ಕೋಚ್ ಎಡ್ಡಿ ಜೋನ್ಸ್‌ಗೆ ಬೇಕಿದ್ದದ್ದೂ ಅದೇ. ನಾಯಕ ಮೈಕಲ್ ಲೀಚ್ ಬೇಡ ಅಂದ, ಸ್ಕ್ರಮ್ ತೆಗೆದುಕೊಂಡ, ಅಂದರೆ ಎರಡೂ ಕಡೆಯವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡಿ ಚೆಂಡು ಪಡೆಯುವುದು. ಚೆಂಡು ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು, ಮೂಲೆಯಲ್ಲಿ ಕಾರ್ನೆ ಹೆಸ್ಕೆತ್ ಗೆರೆ ದಾಟಿ ಬಿದ್ದ. 34–32. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಅದಾದ ಮೇಲೆ ಸಮೋವಾ, ಅಮೆರಿಕ ಎರಡನ್ನೂ ಜಪಾನ್ ಸೋಲಿಸಿತು. ನಾಲ್ಕರಲ್ಲಿ ಮೂರು ಗೆಲುವು. ಆದರೂ ಕ್ವಾರ್ಟರ್‌ಫೈನಲ್ ಇಲ್ಲ! ಮೂರು ಪಂದ್ಯ ಗೆದ್ದೂ ಪೂಲ್‌ನಲ್ಲೇ ಹೊರಬಿದ್ದ ಮೊದಲ ತಂಡ ಅದು. ಯಾಕೆಂದರೆ ಒಂದೂ ಬೋನಸ್ ಬರಲಿಲ್ಲ, 12 ಪಾಯಿಂಟಿಗೆ ನಿಂತಿತು. ಸ್ಕಾಟ್ಲೆಂಡ್ ಕೂಡ ಮೂರೇ ಗೆದ್ದದ್ದು, ಆದರೆ ಬೋನಸ್ ಸೇರಿ 14. ದಕ್ಷಿಣ ಆಫ್ರಿಕಾ ಜಪಾನ್ ಮೇಲೆ ಸೋತ ಪಂದ್ಯದಲ್ಲೇ 2 ಬೋನಸ್ ತೆಗೆದುಕೊಂಡು, 16ರೊಂದಿಗೆ ಪೂಲ್‌ಗೇ ಮೊದಲು ಬಂತು.

ಕೋಟೆ ಕೆಳಗಿನ ಹುಡುಗ, ಬಳ್ಳಾರಿ

ಅಣ್ಣಾ, ಇದು ಅನ್ಯಾಯ ಅಲ್ವಾ? ಅಂಥಾ ಗೆಲುವು ಗೆದ್ದು ಹೊರಗೆ ಅಂದರೆ ಆ ಆಟಗಾರರಿಗೆ ಹೇಗಾಗಿರಬೇಡ.

ಭತ್ತದ ಗದ್ದೆ, ಗಂಗಾವತಿ

ಬೋನಸ್ ಅನ್ಯಾಯ ಅಲ್ಲ ತಮ್ಮಾ. ನಿಯಮ ಎಲ್ಲರಿಗೂ ಒಂದೇ, ಮೊದಲೇ ಗೊತ್ತಿತ್ತು. ಅನ್ಯಾಯ ಬೇರೆ ಕಡೆ ಇತ್ತು. ಆ ಟೂರ್ನಿಯ ವೇಳಾಪಟ್ಟಿ ತೆಗೆದು ನೋಡು. ಜಪಾನ್ ದಕ್ಷಿಣ ಆಫ್ರಿಕಾ ಜೊತೆ ಆಡಿದ್ದು ಶನಿವಾರ. ಸ್ಕಾಟ್ಲೆಂಡ್ ಜೊತೆ ಬುಧವಾರ. ಸ್ಕಾಟ್ಲೆಂಡಿಗೆ ಅದು ಮೊದಲನೇ ಪಂದ್ಯ, ಮೈ ಕೈ ಹಗುರ. ಜಪಾನಿನವರು ನಾಲ್ಕು ದಿನದ ಹಿಂದೆ ಆ ದೈತ್ಯರ ಜೊತೆ 80 ನಿಮಿಷಕ್ಕೂ ಮೇಲೆ ಡಿಕ್ಕಿ ಹೊಡೆದು ಬಂದವರು. 45–10ರಲ್ಲಿ ಸೋತರು. ಆ ಟೂರ್ನಿಯಲ್ಲಿ ಅವರು ಸೋತದ್ದು ಅದೊಂದೇ ಪಂದ್ಯ.

ಕ್ರಿಕೆಟ್ ಆಡಿ ನಾಳೆಯೇ ಮತ್ತೆ ಆಡಬಹುದು. ರಗ್ಬಿ ಆಡಿದ ಮೈಗೆ ನಾಲ್ಕು ದಿನ ಏನೇನೂ ಸಾಲದು. ನಾನು ಫಿಸಿಯೋಥೆರಪಿ ಕೆಲಸ ಮಾಡುವವಳು. ಗುದ್ದಿದ ಮಾಂಸಖಂಡ ಸುಮ್ನೆ ಐಸ್ ಇಟ್ಟ ಮಾತ್ರಕ್ಕೆ ಸರಿಹೋಗುವುದಿಲ್ಲ. ಊತ ಇಳಿಯಬೇಕು, ನಿದ್ದೆ ಆಗಬೇಕು, ಮತ್ತೆ ಓಡಿ ನೋಡಬೇಕು. ಆಗಿನ ದಿನಗಳಲ್ಲಿ ದೊಡ್ಡ ತಂಡಗಳ ಪಂದ್ಯ ಟಿವಿಗೆ ಅನುಕೂಲವಾಗಲಿ ಅಂತ ವಾರಾಂತ್ಯಕ್ಕೆ ಇಡುತ್ತಿದ್ದರು. ವಾರದ ನಡುವಿನ ಪಂದ್ಯ ಸಣ್ಣ ತಂಡಗಳ ಪಾಲಿಗೆ ಬರುತ್ತಿತ್ತು. ನನಗೆ ಸಿಟ್ಟು ಬರುವುದು ಅಲ್ಲಿ.

2023ರಲ್ಲಿ ಇದನ್ನು ಸರಿಮಾಡಿದರು. ಟೂರ್ನಿಯನ್ನು ಒಂದು ವಾರ ಹಿಗ್ಗಿಸಿ ಪ್ರತಿ ತಂಡಕ್ಕೂ ಕನಿಷ್ಠ 5 ದಿನ ವಿಶ್ರಾಂತಿ ಅಂತ ಮಾಡಿದರು. ಸೆಪ್ಟೆಂಬರ್ 8ರಿಂದ ಅಕ್ಟೋಬರ್ 28ರ ತನಕ ನಡೆಯಿತು. ಆ ಟೂರ್ನಿಯಲ್ಲೇ ಪೋರ್ಚುಗಲ್ ಗೆದ್ದದ್ದು, ಫಿಜಿ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡಿಗೆ 24–30ರ ತನಕ ಬೆವರಿಳಿಸಿದ್ದು. ವೇಳಾಪಟ್ಟಿ ಕೂಡ ಆಟದ ಒಂದು ಭಾಗ. ಇದನ್ನು ಯಾರೂ ಮಾತಾಡುವುದೇ ಇಲ್ಲ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ಗಂಗಾವತಿ ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಜಾತ್ರೆ ಕಬಡ್ಡಿ ಟೂರ್ನಿಗಳಲ್ಲಿ ನಾನು ವರ್ಷಾನುಗಟ್ಟಲೆ ಅಂಪೈರ್ ನಿಂತಿದ್ದೇನೆ. ರಾತ್ರಿ ಒಂದಕ್ಕೆ ಕ್ವಾರ್ಟರ್‌ಫೈನಲ್ ಮುಗಿಸಿದ ಹುಡುಗರು ಎರಡಕ್ಕೆ ಸೆಮಿಫೈನಲ್ ಆಡುತ್ತಾರೆ. ಎದುರಿನ ತಂಡಕ್ಕೆ ಬೈ ಸಿಕ್ಕಿರುತ್ತದೆ, ಅವರು ಹತ್ತಕ್ಕೇ ಉಂಡು ಒಂದು ನಿದ್ದೆ ತೆಗೆದಿರುತ್ತಾರೆ. ಗೆದ್ದವರು ಯಾರು ಅಂತ ಕೇಳಬೇಕಾ? ಕಾಲು ಹಿಡಿದುಕೊಂಡು ಅಳುತ್ತಾ ಹೊರಗೆ ಬಂದ ರೈಡರ್‌ಗಳನ್ನು ನೋಡಿದ್ದೇನೆ.

ಈ ಎಳೆ ಓದುತ್ತಿರುವುದೂ ಅದಕ್ಕೇ. ಬರುವ ತಿಂಗಳು ಶಾಲೆ ತಂಡಗಳಿಗೆ ಒಂದು ಕಬಡ್ಡಿ ಟೂರ್ನಿ ಮಾಡುವ ಯೋಚನೆ ಇದೆ. ಎಂಟು ತಂಡ, ಒಂದೇ ಅಂಕಣ. ಈ ಲೆಕ್ಕಗಳಲ್ಲಿ ನಮಗೆ ಏನಾದರೂ ಸಿಗುತ್ತದಾ ನೋಡುತ್ತೇನೆ. ಮುಂದುವರಿಸಿ.

ಕುಷ್ಟಗಿ ಕಡೆಯವ

ಮಳೆ ಬಂದರೆ ಏನು ಮಾಡುತ್ತಾರೆ? ಮಳೆ ಬಂದರೂ ರಗ್ಬಿ ಆಡುತ್ತಾರೆ ಅಂತ ಕೇಳಿದ್ದೆ.

ಎಡದಂಡೆ, ಸಿಂಧನೂರು

ಮಳೆಗೆ ನಿಲ್ಲಿಸುವುದಿಲ್ಲ. ಚಂಡಮಾರುತ ಬಂದರೆ ನಿಲ್ಲಿಸುತ್ತಾರೆ. 2019ರಲ್ಲಿ ಜಪಾನಿನಲ್ಲಿ ಹಗಿಬಿಸ್ ಚಂಡಮಾರುತ ಬಂದಾಗ ಮೂರು ಪೂಲ್ ಪಂದ್ಯ ರದ್ದಾದವು: ನ್ಯೂಜಿಲೆಂಡ್–ಇಟಲಿ, ಇಂಗ್ಲೆಂಡ್–ಫ್ರಾನ್ಸ್, ನಮೀಬಿಯಾ–ಕೆನಡಾ. 0–0 ಸಮ ಅಂತ ಬರೆದು ಎರಡೂ ಕಡೆಗೆ 2 ಪಾಯಿಂಟ್ ಕೊಟ್ಟರು. ಇಟಲಿಗೆ ನ್ಯೂಜಿಲೆಂಡನ್ನು ಸೋಲಿಸಿ ಮುಂದೆ ಹೋಗುವ ಒಂದು ಸಣ್ಣ ಆಸೆ ಇತ್ತು. ಆಡುವ ಅವಕಾಶವೇ ತಪ್ಪಿತು.

ಕೋಟೆ ಕೆಳಗಿನ ಹುಡುಗ, ಬಳ್ಳಾರಿ

ಮುಂದಿನದು 2027, ಆಸ್ಟ್ರೇಲಿಯಾದಲ್ಲಿ. ಅಲ್ಲೂ ಇದೇ ಪದ್ಧತಿನಾ? 24 ತಂಡ ಅಂತ ಓದಿದೆ.

ಎಡದಂಡೆ, ಸಿಂಧನೂರು

ಹೌದು. 1987ರ ಮೊದಲ ವಿಶ್ವಕಪ್‌ಗೆ 16 ತಂಡಗಳನ್ನು ಕರೆದು ಆಡಿಸಿದ್ದರು, ಅರ್ಹತಾ ಸುತ್ತೇ ಇರಲಿಲ್ಲ. 1999ರಿಂದ 20 ತಂಡ. 2027ಕ್ಕೆ 24. ನಾಲ್ಕು ತಂಡಗಳ ಆರು ಪೂಲ್. ಪ್ರತಿ ಪೂಲ್‌ನಿಂದ ಮೊದಲ ಎರಡು ಸ್ಥಾನದವರು ಮುಂದೆ, ಅಲ್ಲಿಗೆ 12. ಮೂರನೇ ಸ್ಥಾನ ಪಡೆದ ಆರರಲ್ಲಿ ಒಳ್ಳೇ ಲೆಕ್ಕ ಇರುವ ನಾಲ್ವರು ಸೇರಿ 16. ಅಲ್ಲಿಂದ ನಾಕೌಟ್. ಒಟ್ಟು 52 ಪಂದ್ಯ, ಅಕ್ಟೋಬರ್ 1ರಿಂದ ನವೆಂಬರ್ 13. ಮೊದಲ ಪಂದ್ಯ ಪರ್ತ್, ಫೈನಲ್ ಸಿಡ್ನಿ.

ಒಂದು ಗಮನಿಸಿ. ಹಿಂದೆ ಐದು ತಂಡದ ಪೂಲ್‌ನಲ್ಲಿ 4 ಪಂದ್ಯ, ಆಮೇಲೆ ನಾಕೌಟ್ 3. ಈಗ ಪೂಲ್‌ನಲ್ಲಿ 3, ನಾಕೌಟ್ 4. ಕಪ್ ಎತ್ತುವವರಿಗೆ ಎರಡೂ ಕಡೆ ಏಳೇ ಪಂದ್ಯ. ತಂಡ ಜಾಸ್ತಿ ಆದರೂ ಆಟಗಾರನ ಮೈ ಮೇಲೆ ಹೊರೆ ಜಾಸ್ತಿ ಆಗಲಿಲ್ಲ.

ಐದು ತಂಡದ ಪೂಲ್‌ನಲ್ಲಿ ಇನ್ನೊಂದು ತೊಂದರೆ ಇತ್ತು. ಬೆಸ ಸಂಖ್ಯೆ ಅಲ್ವಾ, ಪ್ರತಿ ಸುತ್ತಿನಲ್ಲೂ ಒಬ್ಬರು ಸುಮ್ನೆ ಕೂರಬೇಕು. 2023ರಲ್ಲಿ ಆಸ್ಟ್ರೇಲಿಯಾ ಅಕ್ಟೋಬರ್ 1ಕ್ಕೇ ತನ್ನ ನಾಲ್ಕೂ ಪಂದ್ಯ ಮುಗಿಸಿ, ಒಂದು ವಾರ ಬೇರೆಯವರ ಫಲಿತಾಂಶ ಕಾಯುತ್ತಾ ಕೂತಿತ್ತು. ಫಿಜಿಗೆ ಕೊನೆಯ ದಿನ ಒಂದೇ ಒಂದು ಪಾಯಿಂಟ್ ಸಾಕು ಅಂತ ಮೊದಲೇ ಗೊತ್ತಿತ್ತು. ನಾಲ್ಕು ತಂಡ ಆದಾಗ ಎಲ್ಲರೂ ಎಲ್ಲ ಸುತ್ತಿನಲ್ಲೂ ಆಡುತ್ತಾರೆ. ನನಗೆ ಈ ಬದಲಾವಣೆ ಮನಸಾರೆ ಇಷ್ಟ ಆಯಿತು.

ರಾಯಚೂರು ಕಬಡ್ಡಿ

ನನಗೆ ಇಷ್ಟ ಆಗಲಿಲ್ಲ ನೋಡಿ. 24ರಲ್ಲಿ 16 ತಂಡ ಮುಂದೆ ಹೋಗುತ್ತವೆ ಅಂದರೆ ಪೂಲ್ ಹಂತದಲ್ಲಿ ಬಿಸಿ ಎಲ್ಲಿರುತ್ತದೆ? ಮತ್ತೆ ಬಲ ಇಲ್ಲದ ತಂಡಗಳನ್ನು ಕರೆತಂದು ಹೊಡೆಸುವುದು ಯಾಕೆ? 2023ರಲ್ಲೇ ಫ್ರಾನ್ಸ್ ನಮೀಬಿಯಾಗೆ 96–0 ಹೊಡೆಯಿತು ಅಂತ ಈಗ ಹುಡುಕಿ ನೋಡಿದೆ. ರುಮೇನಿಯಾಗೆ ದಕ್ಷಿಣ ಆಫ್ರಿಕಾ 76–0, ಸ್ಕಾಟ್ಲೆಂಡ್ 84–0. ಇದು ಪಂದ್ಯನಾ?

ಎಡದಂಡೆ, ಸಿಂಧನೂರು

ಅಣ್ಣಾ, ಇನ್ನೂ ಹಿಂದಕ್ಕೆ ಹೋಗಿ. 1995ರಲ್ಲಿ ನ್ಯೂಜಿಲೆಂಡ್ ಜಪಾನಿಗೆ 145–17 ಹೊಡೆದಿತ್ತು. ಅವತ್ತು ನಿಮ್ಮ ಮಾತು ಕೇಳಿ ಜಪಾನನ್ನು ಮನೆಗೆ ಕಳಿಸಿದ್ದರೆ 2015ರ ಬ್ರೈಟನ್ ಇರುತ್ತಿರಲಿಲ್ಲ. 2019ರಲ್ಲಿ ಅವರೇ ಆತಿಥ್ಯ ವಹಿಸಿ, ಪೂಲ್‌ನ ನಾಲ್ಕೂ ಪಂದ್ಯ ಗೆದ್ದು ಕ್ವಾರ್ಟರ್‌ಫೈನಲ್ ಆಡಿದರು. ಸಣ್ಣ ತಂಡ ದೊಡ್ಡದಾಗಬೇಕಾದರೆ ದೊಡ್ಡವರ ಜೊತೆ ಆಡಿ ಪೆಟ್ಟು ತಿನ್ನಲೇಬೇಕು. ಅದಕ್ಕೆ ಬೇರೆ ದಾರಿಯೇ ಇಲ್ಲ.

24ಕ್ಕೆ ಏರಿಸಿದಾಗ ಬಂದವರನ್ನು ನೋಡಿ. ಹಾಂಗ್‌ಕಾಂಗ್ ಚೀನಾ ಮೊದಲ ಸಲ ಬರುತ್ತಿದೆ. ಜಿಂಬಾಬ್ವೆ 2025ರ ಆಫ್ರಿಕಾ ಫೈನಲ್‌ನಲ್ಲಿ ನಮೀಬಿಯಾವನ್ನು 30–28ರಲ್ಲಿ ಸೋಲಿಸಿ, 1991ರ ನಂತರ ಈಗ ಮತ್ತೆ ಬರುತ್ತಿದೆ. ಕೊನೆಯ ಸೀಟು ದುಬೈಯಲ್ಲಿ ತೀರ್ಮಾನ ಆಯಿತು. ಬೆಲ್ಜಿಯಂ ಜೊತೆ 13–13 ಸಮ ಮಾಡಿಕೊಂಡು ಸಮೋವಾ ಒಳಗೆ ಬಂತು. ಈ ಪಂದ್ಯಗಳಲ್ಲಿ ಬಿಸಿ ಇರಲಿಲ್ಲ ಅನ್ನುತ್ತೀರಾ?

ಮೂರನೇ ಸ್ಥಾನದ ಬಗ್ಗೆ ಮಾತ್ರ ನಿಮ್ಮ ಅನುಮಾನ ಸರಿ. ಬೇರೆ ಬೇರೆ ಪೂಲ್‌ನ ಮೂರನೆಯವರನ್ನು ಪಕ್ಕ ಪಕ್ಕ ಇಟ್ಟು ಅಳೆಯುವುದು ಕಷ್ಟ. ಒಬ್ಬರ ಪೂಲ್‌ನಲ್ಲಿ ನಾಲ್ಕನೆಯ ತಂಡ ತೀರಾ ಮೆತ್ತಗಿದ್ದರೆ ಅವರಿಗೆ ಟ್ರೈ ಬೋನಸ್ ಸಲೀಸು. ಇನ್ನೊಂದು ಪೂಲ್‌ನಲ್ಲಿ ನಾಲ್ವರೂ ಗಟ್ಟಿ ಇದ್ದರೆ ಮೂರನೆಯವರು ಒಳ್ಳೇ ಆಟ ಆಡಿಯೂ ಹಿಂದೆ ಬೀಳಬಹುದು. 1999ರಲ್ಲೂ ಒಬ್ಬ ಮೂರನೆಯವರನ್ನು ಮುಂದೆ ಕಳಿಸಿದ್ದರು, ಅರ್ಜೆಂಟೀನಾ. ಅವರು ಐರ್ಲೆಂಡನ್ನು ಸೋಲಿಸಿ ಕ್ವಾರ್ಟರ್‌ಫೈನಲ್‌ಗೇ ಹೋದರು. ಹಾಗಾಗಿ ಪೂರ್ತಿ ತಳ್ಳಿಹಾಕುವುದಿಲ್ಲ ನಾನು.

ಭತ್ತದ ಗದ್ದೆ, ಗಂಗಾವತಿ

1999 ಅಂದಾಗ ನೆನಪಾಯಿತು. ಆ ವರ್ಷ ಎರಡನೇ ಸ್ಥಾನದವರು ಕ್ವಾರ್ಟರ್‌ಫೈನಲ್‌ಗೆ ಮೊದಲು ಇನ್ನೊಂದು ಪ್ಲೇ-ಆಫ್ ಆಡಬೇಕಿತ್ತು. ಇಂಗ್ಲೆಂಡ್ ಬುಧವಾರ ಫಿಜಿ ಜೊತೆ ಆಡಿ, ಭಾನುವಾರ ಪ್ಯಾರಿಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ನಿಂತಿತು. ಅವರ ಜಾನಿ ಡಿಬಿಯರ್ ಐದು ಡ್ರಾಪ್ ಗೋಲ್ ಹೊಡೆದ. ಇಂಗ್ಲೆಂಡ್ 21–44ರಲ್ಲಿ ಸೋತಿತು. ನೋಡಿ, ದೊಡ್ಡವರಿಗೂ ಅದೇ ನಾಲ್ಕು ದಿನ ಬಂದಾಗ ಏನಾಯಿತು ಅಂತ.

ಕೋಟೆ ಕೆಳಗಿನ ಹುಡುಗ, ಬಳ್ಳಾರಿ

ಯಾರು ಯಾವ ಪೂಲ್ ಅಂತ ಹೇಗೆ ಹಂಚುತ್ತಾರೆ?

ಎಡದಂಡೆ, ಸಿಂಧನೂರು

ರ‍್ಯಾಂಕಿಂಗ್ ನೋಡಿ ಆರಾರು ತಂಡಗಳ ನಾಲ್ಕು ಸಾಲು ಮಾಡುತ್ತಾರೆ. ಪ್ರತಿ ಸಾಲಿನಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿ ಪೂಲ್‌ಗೆ ಹಾಕುತ್ತಾರೆ. ಇಲ್ಲಿ ಮುಖ್ಯ ಪ್ರಶ್ನೆ ಚೀಟಿ ಯಾವಾಗ ಎತ್ತುತ್ತಾರೆ ಅನ್ನುವುದು.

2023ರ ಟೂರ್ನಿಗೆ 2020ರ ಡಿಸೆಂಬರ್‌ನಲ್ಲೇ ಎತ್ತಿಬಿಟ್ಟಿದ್ದರು. ಅದೂ 2020ರ ಜನವರಿ 1ರ ರ‍್ಯಾಂಕಿಂಗ್ ಹಿಡಿದು. ಮೂರೂವರೆ ವರ್ಷದಲ್ಲಿ ತಂಡಗಳು ಎಲ್ಲಿಂದ ಎಲ್ಲಿಗೋ ಹೋದವು. ಟೂರ್ನಿ ಶುರುವಾಗುವಾಗ ಲೋಕದ ಮೊದಲ ನಾಲ್ಕು ತಂಡಗಳಾದ ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್ ಎಲ್ಲವೂ ನಾಕೌಟ್ ಪಟ್ಟಿಯ ಒಂದೇ ಅರ್ಧದಲ್ಲಿ ಬಿದ್ದಿದ್ದವು. ನ್ಯೂಜಿಲೆಂಡ್ ಐರ್ಲೆಂಡನ್ನು 28–24, ದಕ್ಷಿಣ ಆಫ್ರಿಕಾ ಫ್ರಾನ್ಸನ್ನು 29–28. ಫೈನಲ್‌ನಂಥ ಎರಡು ಪಂದ್ಯ ಕ್ವಾರ್ಟರ್‌ಫೈನಲ್‌ನಲ್ಲೇ ಮುಗಿದುಹೋದವು. ಈ ಸಲ ಪಾಠ ಕಲಿತು, 2025ರ ಡಿಸೆಂಬರ್ 3ಕ್ಕೆ ಸಿಡ್ನಿಯಲ್ಲಿ ಎತ್ತಿದರು. ಎರಡು ವರ್ಷಕ್ಕಿಂತ ಕಡಿಮೆ ಅಂತರ.

ಕುಷ್ಟಗಿ ಕಡೆಯವ

ಇದರಲ್ಲಿ ನಮ್ಮ ದೇಶ ಎಲ್ಲಿದೆ?

ಎಡದಂಡೆ, ಸಿಂಧನೂರು

ವಿಶ್ವಕಪ್‌ಗೆ ಭಾರತ ಒಮ್ಮೆಯೂ ಹೋಗಿಲ್ಲ. ಜಪಾನ್ ಮೊದಲೇ ಸೀಟು ಪಡೆದಿತ್ತು. ಏಷ್ಯಾದ ಇನ್ನೊಂದು ನೇರ ಸೀಟಿಗೆ 2025ರಲ್ಲಿ ಮೇಲಿನ ವಿಭಾಗದಲ್ಲಿ ಆಡಿದವರು ಹಾಂಗ್‌ಕಾಂಗ್ ಚೀನಾ, ದಕ್ಷಿಣ ಕೊರಿಯಾ, ಯುಎಇ, ಶ್ರೀಲಂಕಾ. ನಾವು ಮೊದಲು ಆ ನಾಲ್ವರ ಸಾಲಿಗೆ ಏರಬೇಕು, ಆಮೇಲೆ ಅಲ್ಲಿ ಗೆಲ್ಲಬೇಕು. ಉದ್ದದ ದಾರಿ. ಒಡಿಶಾ, ಬಿಹಾರದಿಂದ ಒಳ್ಳೊಳ್ಳೆ ಆಟಗಾರರು ಬರುತ್ತಿದ್ದಾರೆ, ಹುಡುಗಿಯರಂತೂ ಬಹಳ. ಭುವನೇಶ್ವರದ ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್‌ನ ಬುಡಕಟ್ಟು ಮಕ್ಕಳು ಈ ಆಟದಲ್ಲಿ ಹೆಸರು ಮಾಡಿದ್ದಾರೆ.

ಇನ್ನೊಂದು ಸಂಗತಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವ ಕಪ್‌ನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಮೂರು ಹಿಡಿಗೂ ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಡುತ್ತಿದ್ದಾರೆ.

ಭತ್ತದ ಗದ್ದೆ, ಗಂಗಾವತಿ

ಹುಡುಗಿಯರ ಮಾತು ಬಂತು, ಹೇಳಿಬಿಡುತ್ತೇನೆ. 2025ರ ಮಹಿಳಾ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆಯಿತು. 16 ತಂಡ, ನಾಲ್ಕರ ನಾಲ್ಕು ಪೂಲ್. ಫೈನಲ್‌ನಲ್ಲಿ ಇಂಗ್ಲೆಂಡ್ ಕೆನಡಾವನ್ನು 33–13ರಲ್ಲಿ ಸೋಲಿಸಿತು. ಟ್ವಿಕೆನ್‌ಹ್ಯಾಮ್‌ನಲ್ಲಿ 81,885 ಜನ ಕೂತು ನೋಡಿದರು. ಕೆನಡಾ ತಂಡದ ತಯಾರಿಗೆ ದುಡ್ಡು ಸಾಲದೆ ಜನರಿಂದ ಚಂದಾ ಎತ್ತಿದ್ದರು. ಹಾಗೆ ಬಂದವರು ಫೈನಲ್ ತನಕ ಹೋದರು. ನನ್ನ ಮಗಳಿಗೆ ಆ ಫೈನಲ್ ತೋರಿಸಿದೆ, ಆಮೇಲೆ ಎರಡು ದಿನ ಅಣ್ಣನ ಸೊಂಟ ಹಿಡಿದು ಕೆಡವುವುದೇ ಕೆಲಸ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ಮೇಡಂ, ಮಗಳಿಗೆ ತಲೆ ಪಕ್ಕಕ್ಕಿಟ್ಟು ಭುಜದಿಂದ ಹಿಡಿಯಲು ಹೇಳಿ. ನಮ್ಮ ಶಾಲೆಯಲ್ಲಿ ನಾನು ಟ್ಯಾಗ್ ರಗ್ಬಿ ಆಡಿಸಿದ್ದೇನೆ. ಸೊಂಟದ ಬೆಲ್ಟಿಗೆ ಎರಡು ಪಟ್ಟಿ ಸಿಕ್ಕಿಸುವುದು, ಅದನ್ನು ಕಿತ್ತರೆ ಟ್ಯಾಕಲ್ ಆದ ಹಾಗೆ. ಕೆಡವುವಂತಿಲ್ಲ. ನಮ್ಮದು ಎರೆ ಮಣ್ಣಿನ ಮೈದಾನ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಅಲ್ಲಿ ಮಕ್ಕಳನ್ನು ಬೀಳಿಸುವುದು ತಪ್ಪು. ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಎಸೆಯುವುದೇ ಎಲ್ಲರ ಅಭ್ಯಾಸ. ಓಡುತ್ತಾ ಓಡುತ್ತಾ ಹಿಂದೆ ತಿರುಗಿ ನೋಡಿ ಕೊಡುವುದನ್ನು ಕಲಿತ ದಿನ ಅವರ ಮುಖ ನೋಡಬೇಕಿತ್ತು.

ನಮ್ಮ ಜಿಲ್ಲೆಯಲ್ಲೇ ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಹುಡುಗರು ತಯಾರಾಗುತ್ತಿದ್ದಾರೆ. ಓಟ, ಹಿಡಿತ ಎರಡೂ ಇರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ರೆಫ್ರಿ ವಿಷಯ ಒಂದು ಕೇಳಬೇಕಿತ್ತು. ಅವರ ಮಾತೆಲ್ಲ ಟಿವಿಯಲ್ಲಿ ಕೇಳಿಸುತ್ತದಲ್ಲ?

ಎಡದಂಡೆ, ಸಿಂಧನೂರು

ಹೌದು ಮೇಷ್ಟ್ರೇ, ರೆಫ್ರಿಗೆ ಮೈಕ್ ಇರುತ್ತದೆ. ಏನು ತಪ್ಪು, ಯಾಕೆ ತಪ್ಪು ಅಂತ ಹೇಳುವುದನ್ನು ಎಲ್ಲರೂ ಕೇಳಬಹುದು. ತೀರ್ಪಿನ ಬಗ್ಗೆ ಮಾತಾಡುವುದಿದ್ದರೆ ನಾಯಕ ಮಾತಾಡಬೇಕು, ಉಳಿದವರು ಸುತ್ತುಗಟ್ಟುವ ಹಾಗಿಲ್ಲ. ಹಳದಿ ಕಾರ್ಡ್ ಅಂದರೆ 10 ನಿಮಿಷ ಹೊರಗೆ. 2023ರಲ್ಲಿ ಹೊಸದೊಂದು ತಂದರು: ಅನುಮಾನದ ಫೌಲ್ ಆದರೆ ರೆಫ್ರಿ ಹಳದಿ ತೋರಿಸಿ ಆಟ ಮುಂದುವರಿಸುತ್ತಾರೆ, ಬೇರೆ ಕೋಣೆಯಲ್ಲಿ ಕೂತ ಅಧಿಕಾರಿ ವಿಡಿಯೋ ನೋಡಿ ಅದು ಕೆಂಪಾಗಬೇಕಾ ಅಂತ ತೀರ್ಮಾನಿಸುತ್ತಾರೆ. ಆ ವರ್ಷದ ಫೈನಲ್‌ನಲ್ಲಿ ಎರಡೂ ನಾಯಕರಿಗೆ ಹಳದಿ ಬಂತು. ನ್ಯೂಜಿಲೆಂಡಿನ ಸ್ಯಾಮ್ ಕೇನ್‌ದು ಕೆಂಪಾಯಿತು, ದಕ್ಷಿಣ ಆಫ್ರಿಕಾದ ಸಿಯಾ ಕೊಲಿಸಿಯದು ಹಳದಿಯಾಗಿಯೇ ಉಳಿಯಿತು. ನ್ಯೂಜಿಲೆಂಡ್ ಬಹುಪಾಲು ಪಂದ್ಯ 14 ಜನರಲ್ಲಿ ಆಡಿ 11–12ರಲ್ಲಿ ಸೋತಿತು. ದಕ್ಷಿಣ ಆಫ್ರಿಕಾಗೆ ಕ್ವಾರ್ಟರ್, ಸೆಮಿ, ಫೈನಲ್ ಮೂರೂ ಒಂದೊಂದೇ ಅಂಕದ ಗೆಲುವು. ನಾಲ್ಕನೇ ಕಪ್.

ರಾಯಚೂರು ಕಬಡ್ಡಿ

ನಾಕೌಟ್‌ನಲ್ಲಿ ಸಮ ಆದರೆ?

ಎಡದಂಡೆ, ಸಿಂಧನೂರು

ಹತ್ತು ಹತ್ತು ನಿಮಿಷ ಹೆಚ್ಚುವರಿ ಆಟ. ಆಗಲೂ ಸಮ ಅಂದರೆ ಇನ್ನೊಂದು ಅವಧಿ, ಅದರಲ್ಲಿ ಮೊದಲು ಅಂಕ ಗಳಿಸಿದವರು ಗೆದ್ದಂತೆ. ಅದಕ್ಕೂ ಆಗದಿದ್ದರೆ ಒದೆತದ ಪೈಪೋಟಿ. ಫೈನಲ್ ಎರಡು ಸಲ ಹೆಚ್ಚುವರಿ ಸಮಯಕ್ಕೆ ಹೋಗಿದೆ. 1995ರಲ್ಲಿ ಜೋಯಲ್ ಸ್ಟ್ರಾನ್ಸ್ಕಿ, 2003ರಲ್ಲಿ ಜಾನಿ ವಿಲ್ಕಿನ್ಸನ್. ಎರಡೂ ಡ್ರಾಪ್ ಗೋಲ್. ವಿಲ್ಕಿನ್ಸನ್ ಎಡಗಾಲಿನವನು, ಗೆಲುವಿನ ಒದೆತ ಬಲಗಾಲಿನದು, ಅದೂ ಕೊನೆಯ ನಿಮಿಷದಲ್ಲಿ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ಇನ್ನು ನಮ್ಮ ಟೂರ್ನಿ. ಇಷ್ಟು ಓದಿದ ಮೇಲೆ ಸೀದಾ ನಾಕೌಟ್ ಬೇಡ ಅಂತ ನಿರ್ಧರಿಸಿದೆ. ದೂರದ ಹಳ್ಳಿಯಿಂದ ಬಂದ ಮಕ್ಕಳು ಒಂದೇ ಪಂದ್ಯ ಆಡಿ ಬಸ್ ಹತ್ತುವುದು ಬೇಡ. ನಾಲ್ಕರ ಎರಡು ಗುಂಪು, 12 ಪಂದ್ಯ. ಆಮೇಲೆ ಎರಡು ಸೆಮಿ, ಒಂದು ಫೈನಲ್. ಗೆದ್ದರೆ 4, ಸಮ 2, ಏಳರೊಳಗೆ ಸೋತರೆ 1. ಪಂದ್ಯಗಳ ಕ್ರಮ ಎ ಗುಂಪಿನದು ಒಂದು, ಬಿ ಗುಂಪಿನದು ಒಂದು ಅಂತ ಬದಲಿಸುತ್ತಾ ಹೋದರೆ ಸರಿನಾ?

ಭತ್ತದ ಗದ್ದೆ, ಗಂಗಾವತಿ

ಬೇಡ ಮೇಷ್ಟ್ರೇ. ಕಾಗದದ ಮೇಲೆ ಬರೆದು ನೋಡಿದೆ. ಹಾಗೆ ಮಾಡಿದರೆ ಮೂರನೇ ಪಂದ್ಯ ಆಡಿದ ತಂಡ ಐದನೆಯದಕ್ಕೆ ಮತ್ತೆ ಇಳಿಯಬೇಕಾಗುತ್ತದೆ, ನಡುವೆ ಒಂದೇ ಪಂದ್ಯದ ಬಿಡುವು. ಅದರ ಬದಲು ಎ ಗುಂಪಿನ ಎರಡು ಪಂದ್ಯ ಒಟ್ಟಿಗೆ ಮುಗಿಸಿ, ಆಮೇಲೆ ಬಿ ಗುಂಪಿನ ಎರಡು. ಮತ್ತೆ ಎ ಎರಡು, ಬಿ ಎರಡು. ಹೀಗೆ ಮಾಡಿದರೆ ಎಂಟೂ ತಂಡಕ್ಕೆ ಕಡಿಮೆ ಅಂದರೂ ಎರಡು ಪಂದ್ಯದ ಬಿಡುವು ಸಿಗುತ್ತದೆ. ಸೆಮಿ, ಫೈನಲ್ ಮರುದಿನಕ್ಕೆ ಇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಯಾರನ್ನೂ ಆಡಿಸಬೇಡಿ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ನಾನೂ ಬರೆದು ನೋಡಿದೆ, ನೀವು ಹೇಳಿದ್ದೇ ಸರಿ. ಎರಡು ದಿನ ಮಾಡುತ್ತೇನೆ. ಬೆಳಿಗ್ಗೆ ಆರೂವರೆಗೆ ಶುರು, ಹತ್ತೂವರೆಗೆ ನಿಲ್ಲಿಸಿ, ಸಂಜೆ ನಾಲ್ಕೂವರೆಗೆ ಮತ್ತೆ.

ರಾಯಚೂರು ಕಬಡ್ಡಿ

ಒಂದು ಉಳಿಯಿತು ಮೇಷ್ಟ್ರೇ. ಅಂಕಣ ಒಂದೇ ಅಂದಮೇಲೆ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಆಡಿಸಲಾಗುವುದಿಲ್ಲ. ಕೊನೆಗೆ ಆಡುವವರಿಗೆ ತಮಗೆಷ್ಟು ಬೇಕು ಅಂತ ಮೊದಲೇ ಗೊತ್ತಿರುತ್ತದೆ, ಆ ಫಿಜಿ ಹಾಗೆ. ಅದಕ್ಕೆ ಯಾವ ಪಂದ್ಯ ಕೊನೆಗೆ ಅನ್ನುವುದನ್ನು ಮೊದಲ ದಿನ ಬೆಳಿಗ್ಗೆಯೇ, ಎಂಟೂ ನಾಯಕರ ಎದುರಿಗೆ ಚೀಟಿ ಎತ್ತಿ ನಿರ್ಧರಿಸಿ. ಆಮೇಲೆ ಯಾರ ಬಾಯಲ್ಲೂ ಮಾತು ಬರಬಾರದು. ಅಂಪೈರ್ ಕಡಿಮೆ ಬಿದ್ದರೆ ಹೇಳಿ, ರಾಯಚೂರಿನಿಂದ ನಾವು ಇಬ್ಬರು ಬರುತ್ತೇವೆ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ಚೀಟಿ ಹಾಗೇ ಎತ್ತೋಣ. ಇಬ್ಬರೂ ಬನ್ನಿ, ಊಟ ವಸತಿ ನಮ್ಮದು.

ಕೋಟೆ ಕೆಳಗಿನ ಹುಡುಗ, ಬಳ್ಳಾರಿ

ಸ್ಕೋರ್ ಬರೆಯಲು ನಾವು ರೂಮಿನವರು ಬರಬಹುದಾ ಸರ್? ಬೋನಸ್ ಲೆಕ್ಕ ಈಗ ಬರುತ್ತದೆ.

ಪಿ.ಟಿ. ಮೇಷ್ಟ್ರು, ಸಿರುಗುಪ್ಪ

ಬನ್ನಿ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರಬೇಕು.